ಕೆಲಸ ತಾತ್ಕಾಲಿಕ, ಹಸಿವು ಕಾಯಂ

ಹಬ್ಬ ಹತ್ತಿರವಾಗುತ್ತಿದ್ದಂತೆ ಪೇಟೆಬೀದಿಯ ಅಂಗಡಿಗಳ ಗಾಜಿನ ಬಾಗಿಲಿಗೆ ಒಂದು ಕಾಗದ ಅಂಟಿಕೊಳ್ಳುತ್ತದೆ: ‘ಸೇಲ್ಸ್ ಕೆಲಸಕ್ಕೆ ಹುಡುಗ, ಹುಡುಗಿಯರು ಬೇಕಾಗಿದ್ದಾರೆ.’ ಆಷಾಢದ ರಿಯಾಯಿತಿ ಮಾರಾಟದಿಂದ ಹಿಡಿದು ಗೌರಿ ಗಣೇಶ, ದಸರಾ, ದೀಪಾವಳಿ, ಕ್ರಿಸ್ಮಸ್‌ವರೆಗೆ ಅಂಗಡಿಗಳಿಗೆ ಕೈಗಳು ಸಾಲವು. ಹೊಸ ವರ್ಷದ ಮೊದಲ ವಾರ ಕಳೆಯುವಷ್ಟರಲ್ಲಿ ಆ ಕಾಗದವೂ ಇರುವುದಿಲ್ಲ, ಅದನ್ನು ನೋಡಿ ಬಂದವರೂ ಇರುವುದಿಲ್ಲ. ಕ್ರಿಸ್ಮಸ್ಸಿಗೆ ನಮಗೆ ಸೀರೆ ತೋರಿಸಿದ ಹುಡುಗಿ ಈಸ್ಟರಿಗೆ ಹೋದಾಗ ಕಾಣಿಸುವುದಿಲ್ಲ. ಅವಳೆಲ್ಲಿ ಎಂದು ನಾವು ಕೇಳುವುದೂ ಇಲ್ಲ. ಕೇಳೋಣವೆಂದರೆ ಅವಳ ಹೆಸರೇ ನಮಗೆ ಗೊತ್ತಿಲ್ಲ.

ಇಲ್ಲಿ ನಾವು ವಿಚಾರ ಮಾಡಬೇಕಾದ ಪ್ರಶ್ನೆ ಸರಳವಾದದ್ದು. ಕೆಲಸ ತಾತ್ಕಾಲಿಕವಾದರೆ ಕೆಲಸಗಾರರ ಹಕ್ಕೂ ತಾತ್ಕಾಲಿಕವಾಗುತ್ತದೆಯೇ? ಅರ್ಧ ದಿನ ದುಡಿಯುವವರಿಗೆ ಅರ್ಧ ಮರ್ಯಾದೆ ಸಾಕೇ?

ಇದು ಕಾರ್ಮಿಕ ಇಲಾಖೆಗೆ ಸೇರಿದ ವಿಷಯ, ಕುಟುಂಬದ ಪುಟದಲ್ಲಿ ಇದೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಧರ್ಮಕೇಂದ್ರಗಳ ಕುಟುಂಬಗಳನ್ನೇ ನೋಡಿ. ಇಂಥ ಕೆಲಸಕ್ಕೆ ಹೋಗುವ ಮಕ್ಕಳು, ತಾಯಂದಿರು ನಮ್ಮಲ್ಲಿದ್ದಾರೆ. ಇಂಥವರನ್ನು ಕೆಲಸಕ್ಕೆ ಇಟ್ಟುಕೊಂಡಿರುವ ಅಂಗಡಿ ಮಾಲೀಕರೂ ಇದ್ದಾರೆ. ಉಳಿದವರೆಲ್ಲರೂ ಕೊಳ್ಳುವವರು. ಈ ಮೂವರೂ ಭಾನುವಾರ ಒಂದೇ ಬಲಿಪೀಠದ ಮುಂದೆ ಸೇರುತ್ತಾರೆ, ಅಂಗಡಿಯಲ್ಲಿ ದುಡಿಯುವವರಿಗೆ ರಜೆ ಸಿಕ್ಕಿದರೆ.

ತಾತ್ಕಾಲಿಕರು ಯಾರು?

ಎಲ್ಲರನ್ನೂ ಸೇರಿಸಿ ‘ಟೆಂಪರರಿ’ ಎಂದುಬಿಡುತ್ತೇವೆ. ಆದರೆ ಇವರಲ್ಲಿ ಹಲವು ಬಗೆಯವರಿದ್ದಾರೆ. ಹಬ್ಬದ ನೂಕುನುಗ್ಗಲಿಗೆಂದು ಎರಡು ಮೂರು ತಿಂಗಳ ಮಟ್ಟಿಗೆ ಬಂದವರು ಒಂದು ಬಗೆ. ಕಾಲೇಜು ಮುಗಿಸಿಕೊಂಡು ಬಂದು ಸಂಜೆ ನಾಲ್ಕು ಗಂಟೆ ಬಿಲ್ಲಿಂಗ್ ಕೌಂಟರ್ ನೋಡಿಕೊಳ್ಳುವ ವಿದ್ಯಾರ್ಥಿ ಇನ್ನೊಂದು ಬಗೆ. ಮಕ್ಕಳನ್ನು ಶಾಲೆಗೆ ಕಳಿಸಿ, ಅವರು ಹಿಂದಿರುಗುವವರೆಗೆ ಅಕ್ಕಿ ಬೇಳೆ ತೂಗಿ ಪ್ಯಾಕ್ ಮಾಡುವ ಗೃಹಿಣಿ ಮತ್ತೊಂದು. ಸೂಪರ್ ಮಾರ್ಕೆಟ್ಟಿನಲ್ಲಿ ಯಾವುದೋ ಕಂಪನಿಯ ಟೀ ಪುಡಿಯನ್ನೋ ಸೋಪನ್ನೋ ನಮ್ಮ ಕೈಗಿತ್ತು ವಿವರಿಸುವ ‘ಪ್ರಮೋಟರ್’ ಹುಡುಗಿಯದಂತೂ ಬೇರೆಯೇ ಕಥೆ. ಅವಳು ನಿಂತಿರುವುದು ಒಬ್ಬರ ಅಂಗಡಿಯಲ್ಲಿ, ಮಾರುವುದು ಇನ್ನೊಬ್ಬರ ಸರಕನ್ನು, ಸಂಬಳ ಪಡೆಯುವುದು ಮೂರನೆಯ ಏಜೆನ್ಸಿಯಿಂದ. ಸಂಬಳ ತಪ್ಪಿದರೆ ಮೂವರೂ ಒಬ್ಬರ ಕಡೆಗೆ ಒಬ್ಬರು ಕೈ ತೋರಿಸುತ್ತಾರೆ.

ಕೊನೆಯ ಬಗೆಯವರು ಹೆಸರಿಗಷ್ಟೇ ತಾತ್ಕಾಲಿಕರು. ಐದಾರು ವರ್ಷ ಒಂದೇ ಅಂಗಡಿಯಲ್ಲಿ ದುಡಿದಿರುತ್ತಾರೆ, ಆದರೆ ಕಾಗದದ ಮೇಲೆ ಅವರು ಯಾವಾಗಲೂ ಹೊಸಬರು. ಕೆಲವು ಕಡೆ ಐದನೆಯ ತಿಂಗಳು ಮುಗಿಯುತ್ತಲೇ ಹಾಜರಿ ಪುಸ್ತಕದಿಂದ ಹೆಸರು ತೆಗೆದು, ಕೆಲವು ದಿನ ಬಿಟ್ಟು ಮತ್ತೆ ಸೇರಿಸುತ್ತಾರೆ. ಇದಕ್ಕೆ ‘ಬ್ರೇಕ್’ ಎಂದು ಹೆಸರು. ಆರು ತಿಂಗಳು ಸತತವಾಗಿ ದುಡಿದವರನ್ನು ತಕ್ಕ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದರ ಬದಲಿಗೆ ಸಂಬಳವನ್ನೋ ಕೊಡದೆ ತೆಗೆದುಹಾಕುವಂತಿಲ್ಲ ಎಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಹೇಳುತ್ತದೆ. ಆ ಆರನೆಯ ತಿಂಗಳು ಎಂದಿಗೂ ಬರದಂತೆ ನೋಡಿಕೊಳ್ಳುವುದೇ ಬ್ರೇಕಿನ ಉದ್ದೇಶ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಬ್ಬದ ವ್ಯಾಪಾರ ಹಬ್ಬದ ಜೊತೆಗೇ ಮುಗಿಯುವುದು ಸಹಜ. ಅಷ್ಟು ದಿನಕ್ಕೆ ಮಾತ್ರ ಜನರನ್ನು ತೆಗೆದುಕೊಳ್ಳುವುದರಲ್ಲಿ ಅನ್ಯಾಯವೇನೂ ಇಲ್ಲ. ಅಲ್ಲಿ ತಾತ್ಕಾಲಿಕವಾದದ್ದು ಕೆಲಸ. ಆದರೆ ವರ್ಷವಿಡೀ ಇರುವ ಕೆಲಸಕ್ಕೆ ವರ್ಷಕ್ಕೆರಡು ಬಾರಿ ಜನರನ್ನು ಬದಲಿಸುವಾಗ ತಾತ್ಕಾಲಿಕವಾಗುವುದು ಕೆಲಸವಲ್ಲ, ಮನುಷ್ಯ. ಮೊದಲನೆಯದು ವ್ಯಾಪಾರದ ಅಗತ್ಯ. ಎರಡನೆಯದು ಆತ್ಮಸಾಕ್ಷಿಯ ಪ್ರಶ್ನೆ.

‘ಒಪ್ಪಿಕೊಂಡೇ ಬಂದಿದ್ದಾಳಲ್ಲ’

ಈ ವಿಷಯ ಎತ್ತಿದ ಕೂಡಲೇ ಕೇಳಿಬರುವ ಮೊದಲ ಮಾತು ಇದು. ಯಾರೂ ಅವಳನ್ನು ಕೈಹಿಡಿದು ಎಳೆದು ತಂದಿಲ್ಲ. ಸಂಬಳ ಇಷ್ಟು, ನಿಲ್ಲಬೇಕಾದ ಹೊತ್ತು ಇಷ್ಟು ಎಂದು ಮೊದಲೇ ಹೇಳಿದ್ದೇವೆ. ಒಪ್ಪಿಕೊಂಡು ಬಂದ ಮೇಲೆ ಹಕ್ಕಿನ ಮಾತೆಲ್ಲಿಂದ ಬಂತು?

ಈ ವಾದಕ್ಕೆ ಧರ್ಮಸಭೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1891ರ ಮೇ 15ರಂದು ಜಗದ್ಗುರು ಹದಿಮೂರನೇ ಲಿಯೋರವರು ‘ರೇರುಂ ನೋವಾರುಂ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಯೂರೋಪಿನ ಕಾರ್ಖಾನೆಗಳಲ್ಲಿ ಕಾರ್ಮಿಕರ ಪಾಡು ಅತಿ ದಾರುಣವಾಗಿದ್ದ ಕಾಲ ಅದು. ಮಾಲೀಕನೂ ಕೆಲಸಗಾರನೂ ಸ್ವತಂತ್ರವಾಗಿ ಒಪ್ಪಂದ ಮಾಡಿಕೊಳ್ಳಬಹುದು ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಯಾವ ಒಪ್ಪಂದಕ್ಕಿಂತಲೂ ಹಳೆಯದಾದ, ಹೆಚ್ಚು ಬಲವುಳ್ಳ ಒಂದು ಸಹಜ ನ್ಯಾಯವಿದೆ ಎಂದರು. ಮಿತವಾಗಿ ಬದುಕುವ ಕೆಲಸಗಾರನ ಜೀವನಕ್ಕೆ ಸಾಲುವಷ್ಟು ಕೂಲಿ ಇರಬೇಕು ಎಂಬುದೇ ಆ ನ್ಯಾಯ. ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಭಯದಿಂದಲೋ ಬೇರೆ ದಾರಿ ಕಾಣದೆಯೋ ಒಬ್ಬನು ಕಠಿಣ ಷರತ್ತುಗಳಿಗೆ ತಲೆಬಾಗಿದರೆ, ಆತ ಬಲಾತ್ಕಾರಕ್ಕೂ ಅನ್ಯಾಯಕ್ಕೂ ಗುರಿಯಾದಂತೆಯೇ ಎಂದು ಬೋಧಿಸಿದರು. ಹಸಿದವನ ‘ಆಗಲಿ’ ಎಂಬ ಮಾತಿಗೂ ಹೊಟ್ಟೆ ತುಂಬಿದವನ ‘ಆಗಲಿ’ ಎಂಬ ಮಾತಿಗೂ ಇರುವ ಅಂತರವನ್ನು ಅವರು ಬಲ್ಲವರಾಗಿದ್ದರು.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೇ ಲಿಯೋರವರು ತಾವು ಈ ಹೆಸರನ್ನು ಆರಿಸಿಕೊಂಡದ್ದಕ್ಕೆ ಹದಿಮೂರನೇ ಲಿಯೋರವರನ್ನೂ ಅವರ ಈ ವಿಶ್ವಪತ್ರವನ್ನೂ ಮುಖ್ಯ ಕಾರಣವಾಗಿ ಹೇಳಿದ್ದಾರೆ. ನೂರಮೂವತ್ತು ವರ್ಷಕ್ಕೂ ಹಿಂದೆ ಕೇಳಿದ ಪ್ರಶ್ನೆ ಇನ್ನೂ ಹಳತಾಗಿಲ್ಲ ಎಂದು ಇದರಿಂದ ತಿಳಿಯುತ್ತದೆ.

‘ಅವಳ ಸಂಬಳದಿಂದ ಮನೆ ನಡೆಯಬೇಕೇ? ಪಾಕೆಟ್ ಮನಿಗೆ ಬರುತ್ತಾಳೆ’ ಎನ್ನುವವರೂ ಇದ್ದಾರೆ. ಇರಲಿ. ಅಂಗಡಿಗೆ ಬಂದ ಗಿರಾಕಿ ಶ್ರೀಮಂತನೋ ಬಡವನೋ ಎಂದು ನೋಡಿ ಸೀರೆಯ ಬೆಲೆ ಕಟ್ಟುತ್ತೇವೆಯೇ? ಕೂಲಿ ಕೊಡುವುದು ಮಾಡಿದ ಕೆಲಸಕ್ಕೆ. ಕಾಲೇಜಿನ ಹುಡುಗ ಹೊತ್ತ ಮೂಟೆ, ಸಂಸಾರಸ್ಥ ಹೊತ್ತ ಮೂಟೆಗಿಂತ ಹಗುರವಾಗಿರುವುದಿಲ್ಲ. ಅಲ್ಲದೆ, ‘ಪಾಕೆಟ್ ಮನಿ’ ಎಂದು ನಾವು ಕರೆಯುವ ಹಣ ಎಷ್ಟೋ ಮನೆಗಳಲ್ಲಿ ತಮ್ಮನ ಶಾಲಾ ಶುಲ್ಕವಾಗಿರುತ್ತದೆ, ತಾಯಿಯ ಮಾತ್ರೆಯಾಗಿರುತ್ತದೆ.

ಸಂಜೆ ಐದು ಗಂಟೆಗೆ ಬಂದವರು

ಪವಿತ್ರ ಗ್ರಂಥದಲ್ಲಿ ಅರೆಕಾಲಿಕ ಕೆಲಸಗಾರರ ಕಥೆಯೊಂದಿದೆ. ಸಂತ ಮತ್ತಾಯನ ಶುಭಸಂದೇಶದ ಇಪ್ಪತ್ತನೇ ಅಧ್ಯಾಯದಲ್ಲಿ ಬರುವ ದ್ರಾಕ್ಷಿತೋಟದ ಸಾಮತಿ ನಮಗೆಲ್ಲ ಗೊತ್ತಿರುವುದೇ. ತೋಟದ ಯಜಮಾನ ಬೆಳಗಿನ ಜಾವ ಪೇಟೆಗೆ ಹೋಗಿ, ದಿನಕ್ಕೆ ಒಂದು ಬೆಳ್ಳಿ ನಾಣ್ಯವೆಂದು ಮಾತಾಡಿ ಕೂಲಿಯಾಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಅಲ್ಲಿ ಕೆಲವರು ನಿಂತೇ ಇರುತ್ತಾರೆ. ಕೊನೆಗೆ ಒಂದೇ ಗಂಟೆ ದುಡಿದ ಅವರಿಗೂ ದಿನವಿಡೀ ದುಡಿದವರಷ್ಟೇ ಕೂಲಿ ಸಿಗುತ್ತದೆ.

ಈ ಸಾಮತಿ ಮುಖ್ಯವಾಗಿ ದೇವರ ಸಾಮ್ರಾಜ್ಯವನ್ನು ಕುರಿತದ್ದು. ಅದನ್ನೇ ಕಾರ್ಮಿಕ ಕಾನೂನಾಗಿ ಓದಿ, ಒಂದು ಗಂಟೆಗೂ ಎಂಟು ಗಂಟೆಗೂ ಒಂದೇ ಸಂಬಳ ಕೊಡಬೇಕೆಂದು ವಾದಿಸಬೇಕಾಗಿಲ್ಲ. ಆದರೆ ಯಜಮಾನ ಕೇಳುವ ಪ್ರಶ್ನೆಯನ್ನು ಗಮನಿಸಿ. ಕೂಲಿ ಎಷ್ಟೆಂದು ಹೇಳುವ ಮೊದಲು, ಇಡೀ ದಿನ ಇಲ್ಲಿ ಏಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳುತ್ತಾನೆ. ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದು ಅವರು ಉತ್ತರಿಸುತ್ತಾರೆ. ಅವರು ಸೋಮಾರಿಗಳಲ್ಲ. ಬಿಸಿಲಲ್ಲಿ ನಿಂತು ಕಾದವರು. ಕೆಲಸ ಕಡಿಮೆಯಾದದ್ದು ಅವರ ತಪ್ಪಿನಿಂದಲ್ಲ, ಕರೆಯುವವರಿಲ್ಲದ್ದರಿಂದ. ಆ ಉತ್ತರ ಕೇಳಿದ ಮೇಲೆ ಯಜಮಾನ ಗಂಟೆಯ ಲೆಕ್ಕ ಹಿಡಿಯುವುದಿಲ್ಲ. ಒಂದು ಬೆಳ್ಳಿ ನಾಣ್ಯವೆಂದರೆ ಆ ಕಾಲದಲ್ಲಿ ಒಂದು ದಿನದ ಕೂಲಿ. ಅದಕ್ಕಿಂತ ಕಡಿಮೆ ಕೊಟ್ಟರೆ ಮನೆಯಲ್ಲಿ ಕಾಯುತ್ತಿರುವ ಮಕ್ಕಳಿಗೆ ಸಾಲದೆಂದು ಅವನಿಗೆ ಗೊತ್ತಿತ್ತು.

ಆಶ್ಚರ್ಯವೆಂದರೆ, ನಮ್ಮ ದೇಶದ ಕಾನೂನೂ ಇದೇ ಪ್ರಶ್ನೆಯನ್ನು ಕೇಳಿದೆ. 1948ರ ಕನಿಷ್ಠ ವೇತನ ಕಾಯಿದೆಯ 15ನೇ ವಿಧಿಯಲ್ಲಿ ಒಂದು ಮಾತಿತ್ತು. ದಿನಗೂಲಿ ನಿಗದಿಯಾಗಿರುವ ಕೆಲಸಗಾರನು ಕೆಲಸಕ್ಕೆ ಬಂದ ದಿನ ಪೂರ್ತಿ ಹೊತ್ತು ದುಡಿಯದೆ ಹೋದರೆ, ಅದಕ್ಕೆ ಕಾರಣವೇನೆಂದು ನೋಡಬೇಕು. ಅವನಿಗೇ ಇಷ್ಟವಿಲ್ಲದೆ ಬಿಟ್ಟು ಹೋದನೇ, ಅಥವಾ ಮಾಲೀಕ ಕೆಲಸ ಕೊಡಲಿಲ್ಲವೇ? ಮಾಲೀಕ ಕೆಲಸ ಕೊಡದೆ ಹೊತ್ತು ಕಡಿಮೆಯಾಗಿದ್ದರೆ ಇಡೀ ದಿನದ ಕೂಲಿ ಕೊಡಬೇಕು. ಇದೇ ನಿಯಮವನ್ನು 2019ರ ವೇತನ ಸಂಹಿತೆ 10ನೇ ವಿಧಿಯಾಗಿ ಉಳಿಸಿಕೊಂಡಿದೆ. ದಿನಗೂಲಿಗೆ ಬೆಳಿಗ್ಗೆ ಕರೆಸಿಕೊಂಡು, ಮಧ್ಯಾಹ್ನ ಗಿರಾಕಿಗಳಿಲ್ಲವೆಂದು ಅರ್ಧ ಕೂಲಿ ಕೊಟ್ಟು ಮನೆಗೆ ಕಳಿಸುವ ಅಂಗಡಿ ಈ ನಿಯಮವನ್ನು ಮುರಿದಂತೆ. ವ್ಯಾಪಾರದಲ್ಲಿ ಲಾಭ ಬಂದ ದಿನ ಅದು ಮಾಲೀಕನದು. ಮಳೆ ಬಂದು ವ್ಯಾಪಾರ ಕೆಟ್ಟ ದಿನದ ನಷ್ಟವನ್ನು ಮಾತ್ರ ಕೂಲಿಯವಳ ತಲೆಗೆ ಕಟ್ಟುವುದು ಯಾವ ನ್ಯಾಯ?

ಕೊಡಬೇಕಾದದ್ದು ದಾನವಲ್ಲ

ನಮ್ಮಲ್ಲಿ ಅನೇಕರು ಒಳ್ಳೆಯ ಮನಸ್ಸಿನವರು. ಕೆಲಸದ ಹುಡುಗಿಗೆ ಕ್ರಿಸ್ಮಸ್ಸಿಗೆ ಕೇಕು ಕೊಡುತ್ತೇವೆ, ಹಳೆಯ ಬಟ್ಟೆ ಕೊಡುತ್ತೇವೆ. ಆದರೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ಹಿಡಿದಿಟ್ಟುಕೊಂಡು ಕೇಕು ಕೊಡುವುದು ಪುಣ್ಯವಲ್ಲ. ಸಲ್ಲಬೇಕಾದದ್ದು ಏನೆಂಬುದನ್ನು ಕೊಡುವವರೂ ಪಡೆಯುವವರೂ ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ಕರ್ನಾಟಕದ 1961ರ ಕಾಯಿದೆ ಕಾಯಂ ನೌಕರರನ್ನು ಮಾತ್ರ ನೌಕರರೆಂದು ಕರೆಯುವುದಿಲ್ಲ. ಗುತ್ತಿಗೆಯ ಮೇಲೆ, ಕಮಿಷನ್ ಮೇಲೆ ದುಡಿಯುವವರನ್ನೂ ಅದು ಆ ಹೆಸರಿನಲ್ಲಿ ಸೇರಿಸಿಕೊಂಡಿದೆ. ಕೆಲಸಕ್ಕೆ ಸೇರಿದ ಮೂವತ್ತು ದಿನಗಳೊಳಗೆ ಹೆಸರು, ಹುದ್ದೆ, ಸಂಬಳ, ಷರತ್ತುಗಳನ್ನು ಬರೆದ ನೇಮಕಾತಿ ಪತ್ರ ಕೊಡಬೇಕು. ಈ ಒಂದು ಕಾಗದವಿಲ್ಲದೆ ಬೇರೆ ಯಾವ ಹಕ್ಕನ್ನು ಕೇಳಲು ಹೋದರೂ, ‘ನೀನು ಇಲ್ಲಿ ಕೆಲಸ ಮಾಡಿದ್ದಕ್ಕೆ ಏನು ಸಾಕ್ಷಿ?’ ಎಂಬ ಪ್ರಶ್ನೆಯೇ ಎದುರಾಗುತ್ತದೆ. ಕಾಗದ ಸಿಗದವರು ಹಾಜರಿಯ ದಿನಗಳನ್ನೂ ಕೈಗೆ ಬಂದ ಹಣವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.

ಎರಡನೆಯದಾಗಿ, ಆ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಗೆ ಮಿತಿ ಹಾಕಿತು. ಹೆಚ್ಚಿನ ಹೊತ್ತಿಗೆ ಎರಡರಷ್ಟು ಕೂಲಿ, ನಡುವೆ ವಿಶ್ರಾಂತಿ, ವಾರಕ್ಕೊಂದು ರಜೆ ಎಂದಿತು. 2021ರ ಜನವರಿಯಲ್ಲಿ ಹತ್ತು ಮತ್ತು ಹೆಚ್ಚು ನೌಕರರಿರುವ ಅಂಗಡಿಗಳು ಹಗಲೂ ರಾತ್ರಿ ತೆರೆದಿರಲು ಸರ್ಕಾರ ಅನುಮತಿ ಕೊಟ್ಟಾಗಲೂ, ನೌಕರರಿಗೆ ಸರದಿಯಂತೆ ವಾರದ ರಜೆ ಕೊಡಲೇಬೇಕೆಂಬ ಷರತ್ತು ಹಾಕಿತು. ಅಂಗಡಿಗೆ ನಿದ್ರೆ ಬೇಡದಿರಬಹುದು, ಮನುಷ್ಯರಿಗೆ ಬೇಕು.

ಮೂರನೆಯದಾಗಿ, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ ಇ.ಎಸ್.ಐ. ವ್ಯಾಪ್ತಿಗೆ ಬರುತ್ತದೆ. ಅಲ್ಲಿ ತಾತ್ಕಾಲಿಕ, ಕಾಯಂ ಎಂಬ ಭೇದವಿಲ್ಲ. ನೌಕರನ ಪಾಲು ಸಂಬಳದ ಶೇಕಡಾ 0.75, ಮಾಲೀಕನ ಪಾಲು ಶೇಕಡಾ 3.25. ಇಪ್ಪತ್ತು ಮಂದಿ ಇದ್ದರೆ ಭವಿಷ್ಯ ನಿಧಿಯೂ ಉಂಟು. ಬೋನಸ್ ಅನ್ವಯವಾಗುವ ಸಂಸ್ಥೆಯಲ್ಲಿ ವರ್ಷಕ್ಕೆ ಮೂವತ್ತು ದಿನ ದುಡಿದಿದ್ದರೆ ಸಾಕು, ಬೋನಸ್ಸಿಗೆ ಅರ್ಹತೆ ಬರುತ್ತದೆ. ದಸರೆಗೆ ಬಂದು ಕ್ರಿಸ್ಮಸ್ಸಿಗೆ ಹೊರಟ ಹುಡುಗನಿಗೂ ಇದು ಅನ್ವಯಿಸುತ್ತದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ನಾಲ್ಕನೆಯದಾಗಿ, ಸ್ಟಾಕಿನಲ್ಲಿ ಒಂದು ಸೀರೆ ಕಡಿಮೆ ಬಿದ್ದರೆ ಎಲ್ಲ ಹುಡುಗಿಯರ ಸಂಬಳದಿಂದಲೂ ಹಂಚಿ ಮುರಿದುಕೊಳ್ಳುವ ಪದ್ಧತಿ ಕೆಲವು ಕಡೆ ಇದೆ. ಇದನ್ನು ಕಾನೂನು ಒಪ್ಪುವುದಿಲ್ಲ. ಒಬ್ಬರ ವಶಕ್ಕೆ ಕೊಟ್ಟ ವಸ್ತು ಅವರದೇ ಅಲಕ್ಷ್ಯದಿಂದ ಕಳೆದುಹೋಗಿದ್ದರೆ ಮಾತ್ರ, ಅವರ ವಿವರಣೆ ಕೇಳಿದ ಮೇಲೆ ಮಾತ್ರ, ಸಂಬಳದಲ್ಲಿ ಕಡಿತ ಮಾಡಬಹುದು.

2025ರ ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ದೇಶದಲ್ಲಿ ಜಾರಿಗೆ ಬಂದಿವೆ. ಕೆಲಸ ಬಿಟ್ಟವರಿಗೆ, ಕೆಲಸದಿಂದ ತೆಗೆದವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಸಲ್ಲಬೇಕು. ನಿಗದಿತ ಅವಧಿಗೆ ನೇಮಕವಾದವರು ಗ್ರಾಚ್ಯುಟಿಗಾಗಿ ಐದು ವರ್ಷ ಕಾಯಬೇಕಾಗಿಲ್ಲ, ಒಂದು ವರ್ಷ ಸಾಕು. ವೇತನದ ಬಾಕಿಗಾಗಿ ಮೂರು ವರ್ಷದವರೆಗೆ ಅರ್ಜಿ ಹಾಕಬಹುದು. ಹಣ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದು. ಏಜೆನ್ಸಿ ಮೂಲಕ ಬಂದವರಿಗೆ ಏಜೆನ್ಸಿ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ತತ್ವವಂತೂ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಿಂದಲೇ ಬಂದಿದೆ. ದೂರು ಕೊಡಬೇಕಾದವರು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಬಹುದು. ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ಕೂಲಿಯಾಳಿನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಟ್ಟುಬಿಡಬೇಕು, ಏಕೆಂದರೆ ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಅವನು ಸ್ವಂತ ಜನದವನೋ ಪರದೇಶಿಯೋ ಎಂದು ಅಲ್ಲಿ ಭೇದವಿಲ್ಲ. ಕಾಯಂ ಆಳೋ ಒಂದು ದಿನದ ಆಳೋ ಎಂಬ ಭೇದವೂ ಇಲ್ಲ. ನಿಜ ಹೇಳಬೇಕೆಂದರೆ ಆ ಮಾತು ಹುಟ್ಟಿದ್ದೇ ಒಂದು ದಿನದ ಆಳಿಗಾಗಿ.

ಕುಳಿತುಕೊಳ್ಳುವ ಹಕ್ಕು

ಹಕ್ಕು ಎಂದರೆ ಹಣವಷ್ಟೇ ಅಲ್ಲ. ಬಟ್ಟೆ ಅಂಗಡಿಯ ಹುಡುಗಿಯರನ್ನು ಗಮನಿಸಿದ್ದೀರಾ? ಗಿರಾಕಿ ಇರಲಿ, ಇಲ್ಲದಿರಲಿ, ನಿಂತೇ ಇರುತ್ತಾರೆ. ಗಿರಾಕಿಗಳಿಗೆ ಮೆತ್ತನೆಯ ಕುರ್ಚಿಗಳ ಸಾಲು. ಅವರಿಗೆ ಒಂದು ಸ್ಟೂಲೂ ಇಲ್ಲ. ಸಂಜೆಯಾಗುವಾಗ ಕಾಲು ಊದಿಕೊಂಡಿರುತ್ತದೆ.

ನೆರೆಯ ಕೇರಳದ ಕೋಯಿಕ್ಕೋಡಿನಲ್ಲಿ ‘ಮಿಠಾಯಿ ತೆರುವು’ ಎಂಬ ಹೆಸರಾಂತ ವ್ಯಾಪಾರದ ಬೀದಿಯಿದೆ. ಅಲ್ಲಿನ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ. ಅದಕ್ಕಾಗಿ ಅವರು ದಿನವಿಡೀ ನೀರನ್ನೇ ಕುಡಿಯದೆ ಇರುತ್ತಿದ್ದರು, ಅದರಿಂದ ಕಾಯಿಲೆ ಬೀಳುತ್ತಿದ್ದರು. ಪಿ. ವಿಜಿ ಎಂಬ ಮಹಿಳೆಯ ಮುಂದಾಳತ್ವದಲ್ಲಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿಕೊಂಡು ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕುಳಿತುಕೊಳ್ಳುವ ಹಕ್ಕಿಗಾಗಿ ಹೋರಾಡಿದರು. ವರ್ಷಗಳ ಹೋರಾಟದ ಫಲವಾಗಿ 2018ರಲ್ಲಿ ಕೇರಳ ಸರ್ಕಾರ ತನ್ನ ಅಂಗಡಿ ಕಾಯಿದೆಗೆ ತಿದ್ದುಪಡಿ ತಂದು, ನೌಕರರಿಗೆ ಕುಳಿತುಕೊಳ್ಳಲು ವ್ಯವಸ್ಥೆ ಮಾಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು.

ಒಂದು ಸ್ಟೂಲಿಗಾಗಿ ಕಾನೂನು ಬೇಕಾಯಿತೇ ಎಂದು ನಗುವವರಿದ್ದಾರೆ. ನಗುವ ವಿಷಯವಲ್ಲ. ಕಾಲು ನೋಯುವವರಿಗೆ ಕೂರಲು ಹೇಳುವುದಕ್ಕೆ ಕಾನೂನೇ ಬರಬೇಕಾಯಿತು ಎಂದರೆ, ಮನುಷ್ಯರ ಮನಸ್ಸು ಮಾಡಬೇಕಾಗಿದ್ದ ಕೆಲಸವನ್ನು ಕಾನೂನು ಮಾಡಬೇಕಾಯಿತು ಎಂದರ್ಥ. ಆ ಹೋರಾಟ ಮಾಡಿದವರು ದೊಡ್ಡ ಪದವಿಯವರಲ್ಲ. ನಾಳೆ ಕೆಲಸ ಹೋದರೆ ಏನು ಎಂಬ ಭಯ ಅವರಿಗೂ ಇತ್ತು.

ಲೈಂಗಿಕ ಕಿರುಕುಳದ ವಿಷಯವನ್ನೂ ಇಲ್ಲಿ ಹೇಳಲೇಬೇಕು. 2013ರ ಕಾಯಿದೆ ತಾತ್ಕಾಲಿಕ, ದಿನಗೂಲಿ ಮಹಿಳೆಯರನ್ನೂ ಸ್ಪಷ್ಟವಾಗಿ ಒಳಗೊಂಡಿದೆ. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಅಂಗಡಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ‘ನಾಳೆಯಿಂದ ಬರಬೇಡ’ ಎಂಬ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡವರು ತಾತ್ಕಾಲಿಕರಲ್ಲೇ ಹೆಚ್ಚು. ಮನೆಯವರು ಅವರ ಮಾತನ್ನು ಮೊದಲು ನಂಬಬೇಕು.

ಚಿಕ್ಕ ಅಂಗಡಿಯವರ ಕಷ್ಟ

ಮಾಲೀಕರ ಮಾತನ್ನೂ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ನಾಲ್ಕು ಮಂದಿಯನ್ನು ಇಟ್ಟುಕೊಂಡು ಕಿರಾಣಿಯನ್ನೋ ಪಾತ್ರೆ ಅಂಗಡಿಯನ್ನೋ ನಡೆಸುವವರು ಬಾಡಿಗೆ ಕಟ್ಟಬೇಕು, ಸಾಲದ ಕಂತು ಕಟ್ಟಬೇಕು. ಎದುರಿಗೆ ದೊಡ್ಡ ಮಾಲ್, ಜೇಬಿನ ಫೋನಿನಲ್ಲಿ ಇನ್ನೂ ದೊಡ್ಡ ಅಂಗಡಿ. ‘ಎಲ್ಲ ಕೊಡಬೇಕೆಂದರೆ ಕೆಲಸಕ್ಕೇ ಇಟ್ಟುಕೊಳ್ಳುವುದಿಲ್ಲ’ ಎಂದು ಅವರು ಹೇಳಿದರೆ ಅದು ಬರೀ ಬೆದರಿಕೆಯಲ್ಲ, ಅದರಲ್ಲಿ ಆತಂಕವೂ ಇದೆ.

ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎನ್ನುತ್ತಾರೆ. ಕಾನೂನೂ ಇದನ್ನು ತಿಳಿದಿದೆ. ಹತ್ತು, ಇಪ್ಪತ್ತು ಎಂಬ ಸಂಖ್ಯೆಗಳನ್ನು ಇಟ್ಟು ಇ.ಎಸ್.ಐ., ಭವಿಷ್ಯ ನಿಧಿಯ ಹೊರೆಯನ್ನು ಚಿಕ್ಕವರ ಮೇಲೆ ಹೇರಿಲ್ಲ. ಆದರೆ ಕೆಲವು ವಿಷಯಗಳಿಗೆ ಸಂಖ್ಯೆಯ ನೆಪ ಇಲ್ಲ. ಕನಿಷ್ಠ ಕೂಲಿ, ಹೇಳಿದ ದಿನಕ್ಕೆ ಸಂಬಳ, ವಾರದ ರಜೆ, ಬರೆದುಕೊಟ್ಟ ಒಂದು ಕಾಗದ, ಕೂರಲು ಒಂದು ಸ್ಟೂಲು, ಕುಡಿಯಲು ನೀರು, ಮರ್ಯಾದೆಯ ಮಾತು ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟರೆ ಮಾತ್ರ ನಡೆಯುವ ವ್ಯಾಪಾರ, ನಿಜವಾಗಿ ಮಾಲೀಕನ ಬಂಡವಾಳದಿಂದ ನಡೆಯುತ್ತಿಲ್ಲ. ಕೂಲಿಯವಳ ಮನೆಯ ಅಕ್ಕಿಯಿಂದ ನಡೆಯುತ್ತಿದೆ.

ಬ್ರೇಕ್ ಕೊಟ್ಟು ಜನರನ್ನು ಬದಲಿಸುವುದರಲ್ಲಿ ಲಾಭವಿದೆಯೇ ಎಂಬುದನ್ನೂ ಮಾಲೀಕರು ಯೋಚಿಸಬೇಕು. ಯಾವ ಗಿರಾಕಿಗೆ ಯಾವ ಬಣ್ಣ ಇಷ್ಟ, ಯಾವ ಸರಕು ಯಾವ ಕಪಾಟಿನಲ್ಲಿದೆ ಎಂಬ ತಿಳಿವಳಿಕೆ ಒಂದು ದಿನದಲ್ಲಿ ಬರುವುದಿಲ್ಲ. ಅದು ಬಂದ ಮೇಲೆ ಅವರನ್ನು ಹೊರಗೆ ಕಳಿಸಿ ಹೊಸಬರಿಗೆ ಮತ್ತೆ ಅ ಆ ಇ ಈ ಕಲಿಸುವುದು ಜಾಣತನವಲ್ಲ.

ಕೊಳ್ಳುವವರ ಪಾಲು

ಇನ್ನು ಉಳಿದಿರುವುದು ನಾವು, ಕೊಳ್ಳುವವರು. ದುಡ್ಡು ಕೊಟ್ಟು ಸಾಮಾನು ತಂದಿದ್ದೇವೆ, ನಮಗೂ ಇದಕ್ಕೂ ಏನು ಸಂಬಂಧ?

1981ರಲ್ಲಿ ಸಂತ ಜಗದ್ಗುರು ಎರಡನೇ ಜಾನ್ ಪೌಲರು ‘ಲಾಬೋರೆಂ ಎಕ್ಸೆರ್ಚೆನ್ಸ್’ ಎಂಬ ವಿಶ್ವಪತ್ರದಲ್ಲಿ ‘ಪರೋಕ್ಷ ಮಾಲೀಕ’ ಎಂಬ ವಿಚಾರವನ್ನು ಮುಂದಿಟ್ಟರು. ಕೆಲಸ ಕೊಟ್ಟು ಸಂಬಳ ಎಣಿಸುವವನು ಪ್ರತ್ಯಕ್ಷ ಮಾಲೀಕ. ಆದರೆ ಆ ಕೆಲಸದ ಷರತ್ತುಗಳು ಹೇಗಿರಬೇಕೆಂಬುದನ್ನು ಹೊರಗಿನಿಂದ ನಿರ್ಧರಿಸುವ ವ್ಯಕ್ತಿಗಳೂ ಸಂಸ್ಥೆಗಳೂ ಇದ್ದಾರೆ, ಅವರೂ ನ್ಯಾಯಕ್ಕೆ ಹೊಣೆಗಾರರು ಎಂದರು. ಅವರ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದದ್ದು ರಾಜ್ಯ ಮತ್ತು ಆರ್ಥಿಕ ವ್ಯವಸ್ಥೆ. ಆದರೆ ಈ ಮಾತಿನ ಬೆಳಕು ನಮ್ಮ ಅಂಗಡಿ ಚೀಲದ ಮೇಲೂ ಬೀಳುತ್ತದೆ. ರಾತ್ರಿ ಒಂಬತ್ತೂವರೆಗೆ ಷಟರ್ ಅರ್ಧ ಇಳಿದಿರುವಾಗ ‘ಒಂದೇ ನಿಮಿಷ’ ಎಂದು ಒಳಗೆ ನುಗ್ಗಿ ಐವತ್ತು ಸೀರೆ ಬಿಚ್ಚಿಸಿ ಬರಿಗೈಯಲ್ಲಿ ಹೊರಡುವವರು, ಆ ಹುಡುಗಿಯ ದುಡಿಮೆಯ ಹೊತ್ತನ್ನು ನಿರ್ಧರಿಸಿದಂತಾಗಲಿಲ್ಲವೇ? ಅವಳು ಆ ಐವತ್ತನ್ನೂ ಮಡಿಸಿಟ್ಟು, ಕೊನೆಯ ಬಸ್ಸು ಹಿಡಿಯಬೇಕು. ಅಂಗಡಿಯವನು ತಡರಾತ್ರಿವರೆಗೆ ತೆರೆದಿಡುವುದು ನಾವು ಬರುತ್ತೇವೆಂಬ ನಂಬಿಕೆಯಿಂದ.

ಭಾನುವಾರದ ವಿಷಯದಲ್ಲಿ ಕಥೋಲಿಕ ಧರ್ಮೋಪದೇಶ ಗ್ರಂಥ ಇನ್ನೂ ನೇರವಾಗಿ ಹೇಳುತ್ತದೆ: ಪ್ರಭುವಿನ ದಿನವನ್ನು ಆಚರಿಸಲು ಇತರರಿಗೆ ಅಡ್ಡಿಯಾಗುವಂಥ ಕೆಲಸವನ್ನು ಅಗತ್ಯವಿಲ್ಲದೆ ಅವರಿಂದ ಮಾಡಿಸಬಾರದು. ಬಲಿಪೂಜೆ ಮುಗಿಸಿಕೊಂಡು ನೇರವಾಗಿ ಶಾಪಿಂಗಿಗೆ ಹೋಗುವ ಕುಟುಂಬಗಳು ಇದನ್ನು ಒಮ್ಮೆ ಯೋಚಿಸಬೇಕು. ಔಷಧಿ, ಹಾಲು ಬೇರೆ ಮಾತು. ಪರದೆಯ ಬಟ್ಟೆ ಸೋಮವಾರವೂ ಸಿಗುತ್ತದೆ.

ಕೊಳ್ಳುವವರೆಲ್ಲ ಅಂಗಡಿಯನ್ನು ಬಹಿಷ್ಕರಿಸಬೇಕೆಂದು ಇದರ ಅರ್ಥವಲ್ಲ. ನಾವು ಹೋಗದಿದ್ದರೆ ಅವಳ ಕೆಲಸವೇ ಹೋದೀತು. ಆದರೆ ಹೇಗೆ ಹೋಗುತ್ತೇವೆ, ಯಾವಾಗ ಹೋಗುತ್ತೇವೆ, ಅಲ್ಲಿ ಏನು ಕೇಳುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಪರಿಚಯದ ಅಂಗಡಿಯಲ್ಲಿ ‘ಇವರಿಗೆ ಕೂರಲು ಒಂದು ಸ್ಟೂಲ್ ಹಾಕಿಸಬಾರದೇ?’ ಎಂದು ನಗುತ್ತಲೇ ಕೇಳುವ ಗಿರಾಕಿಯ ಮಾತಿಗೆ ಬೆಲೆಯಿದೆ. ನೌಕರಳು ಕೇಳಿದರೆ ಅದು ಉದ್ಧಟತನ, ಗಿರಾಕಿ ಕೇಳಿದರೆ ಅದು ಸಲಹೆ.

ಮನೆಯಲ್ಲಿ ಕುಳಿತು ಮಾತನಾಡಲು

ಸಂಜೆ ಜಪಸರ ಮುಗಿದ ಮೇಲೆ ಅಥವಾ ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಈ ಕೆಲವು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು.

ನಮ್ಮ ಮನೆಯಿಂದ ಅಂಗಡಿ ಕೆಲಸಕ್ಕೆ ಹೋಗುವ ಮಗ, ಮಗಳ ಬಳಿ ನೇಮಕಾತಿ ಪತ್ರವಿದೆಯೇ? ಇ.ಎಸ್.ಐ. ಸಂಖ್ಯೆ ಇದೆಯೇ? ವಾರದ ರಜೆ ಯಾವಾಗ?

ನಾವು ಅಂಗಡಿ ನಡೆಸುವವರಾದರೆ, ನಮ್ಮಲ್ಲಿ ದುಡಿಯುವವರಲ್ಲಿ ಕೆಲಸ ತಾತ್ಕಾಲಿಕವಾದವರು ಎಷ್ಟು ಮಂದಿ, ಹೆಸರಿಗೆ ಮಾತ್ರ ತಾತ್ಕಾಲಿಕರಾದವರು ಎಷ್ಟು ಮಂದಿ?

ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ, ಶಾಲೆಗೆ, ಸಭಾಂಗಣಕ್ಕೆ ದಿನಗೂಲಿಯ ಮೇಲೆ ಬರುವವರಿಗೆ ಅದೇ ದಿನ ಕೂಲಿ ಸಲ್ಲುತ್ತಿದೆಯೇ? ನ್ಯಾಯದ ಮಾತು ಬೀದಿಯ ಅಂಗಡಿಯಿಂದ ಮೊದಲಾಗುವುದಕ್ಕಿಂತ ದೇವಾಲಯದ ಅಂಗಳದಿಂದ ಮೊದಲಾಗುವುದು ಮೇಲು.

ನಾವು ಪದೇ ಪದೇ ಹೋಗುವ ಅಂಗಡಿಯಲ್ಲಿ ನಮಗೆ ಸಾಮಾನು ಕೊಡುವವರ ಹೆಸರು ನಮಗೆ ಗೊತ್ತಿದೆಯೇ?

1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಗೊತ್ತುಮಾಡಿದರು. ನಜರೇತಿನ ಆ ಬಡಗಿಗೆ ಕಾಯಂ ಉದ್ಯೋಗವಿತ್ತೆಂದು ಶುಭಸಂದೇಶಗಳು ಎಲ್ಲಿಯೂ ಹೇಳುವುದಿಲ್ಲ. ಕರೆದವರ ಮನೆಯಲ್ಲಿ ಬಾಗಿಲು, ನೊಗ, ನೇಗಿಲು ಮಾಡಿಕೊಟ್ಟು, ಕೊಟ್ಟ ಕೂಲಿಯಲ್ಲಿ ಸಂಸಾರ ನಡೆಸಿದವರೇ ಇರಬಹುದು. ದೇವಪುತ್ರನು ಬೆಳೆದದ್ದು ಅಂಥ ಕೂಲಿಯ ಅನ್ನ ಉಂಡು. ಕೆಲಸ ಮೂರು ತಿಂಗಳದ್ದಾಗಿರಲಿ, ಮೂರು ಗಂಟೆಯದ್ದಾಗಿರಲಿ, ಅದನ್ನು ಮಾಡುವವರ ಹೊಟ್ಟೆ, ಮನೆ, ಮಾನ ಮೂರು ಗಂಟೆಯವಲ್ಲ. ಈ ಒಂದು ಮಾತು ನೆನಪಿನಲ್ಲಿದ್ದರೆ ಮಾಲೀಕರಿಗೂ ಕೊಳ್ಳುವವರಿಗೂ ಮಾಡಬೇಕಾದದ್ದು ಏನೆಂದು ಬೇರೆಯವರು ಬಂದು ಹೇಳಬೇಕಾಗಿಲ್ಲ.